ಮೂರು ಕುತ್ತಿಗೆ, ಒಂದು ಹುಬ್ಬು

ನನ್ನ ಅಣ್ಣ ಸಿಡೆರಿಸ್ ‘ಇಲ್ಲ’ ಎನ್ನುವುದಕ್ಕೆ ಬಾಯಿ ತೆರೆಯುವವನಲ್ಲ. ನಮ್ಮ ಅಸ್ಕಿನಿ ದ್ವೀಪದಲ್ಲಿ ಅದಕ್ಕೆ ಬಾಯಿ ಬೇಕಾಗಿಯೂ ಇಲ್ಲ. ಎರಡೂ ಹುಬ್ಬು ಮೇಲಕ್ಕೆತ್ತಿದರೆ ಆಯಿತು, ಇಲ್ಲ ಎಂದರೆ ಇಲ್ಲ. ಉಳಿದವರು ಜೊತೆಗೆ ಗದ್ದವನ್ನೂ ಒಂದಿಷ್ಟು ಎತ್ತುತ್ತಾರೆ, ನಾಲಿಗೆಯಲ್ಲಿ ಲೊಚಕ್ಕೆಂದು ಸದ್ದು ಮಾಡುತ್ತಾರೆ. ಸಿಡೆರಿಸ್ ಅಷ್ಟನ್ನೂ ಖರ್ಚು ಮಾಡುವುದಿಲ್ಲ. ಅವನ ಹಣೆಯ ಮೇಲೆ ಗೆರೆಗಳು ಮೂಡಿ ಅಳಿಸಿಹೋಗುತ್ತವೆ, ಆ ಹೊತ್ತಿಗೆ ನೀವು ಬೇರೆ ಕಡೆ ನೋಡುತ್ತಿದ್ದರೆ ತಪ್ಪು ನಿಮ್ಮದು. ಅತ್ತಿಗೆ ಮಾರಿಗೋ ಈಗಲೂ ಹೇಳುತ್ತಾಳೆ: “ಹುಡುಗಿ ಒಪ್ಪಿಗೆನಾ ಅಂತ ನಮ್ಮಪ್ಪ ಕೇಳಿದಾಗ ನಾನು ಇವರ ಮುಖ ನೋಡ್ಲಿಲ್ಲ ಕಣೇ, ಹಣೆ ನೋಡ್ತಾ ನಿಂತಿದ್ದೆ.”

ಆ ಗೆರೆಗಳನ್ನು ನಾನು ಚಿಕ್ಕಂದಿನಿಂದ ಬೈದುಕೊಂಡೇ ಬಂದವಳು. ಈಗ ಅವು ಮೂಡಿದಾಗಲೆಲ್ಲ ಯಾರಿಗೂ ಕಾಣದಂತೆ ಎದೆಯ ಮೇಲೆ ಶಿಲುಬೆ ಹಾಕಿಕೊಳ್ಳುತ್ತೇನೆ. ಯಾಕೆ ಎಂದು ಹೇಳುತ್ತೇನೆ, ಕೇಳಿ.

ನಾನು ಎವ್ದೊಕಿಯಾ, ಇಲ್ಲಿನ ಆರೋಗ್ಯ ಕೇಂದ್ರದ ನರ್ಸ್. ಡಾಕ್ಟರ್ ಎಂಬ ಹುದ್ದೆ ಕೇಂದ್ರದ ಬಾಗಿಲ ಮೇಲಿನ ಬೋರ್ಡಿನಲ್ಲಿದೆ, ಒಳಗೆ ಇರುವುದು ಅಪರೂಪ. ಓದು ಮುಗಿಸಿದ ಹುಡುಗರು ಬರುತ್ತಾರೆ, ಒಂದು ಚಳಿಗಾಲದ ಗಾಳಿ ಕಂಡ ಮೇಲೆ ಹೊರಟುಹೋಗುತ್ತಾರೆ. ಆ ವರ್ಷವಂತೂ ಯಾರೂ ಬರಲೇ ಇಲ್ಲ. ಪುಣ್ಯಕ್ಕೆ ಜಿಲ್ಲಾ ಕಚೇರಿಯವರು ಒಂದು ದಾರಿ ಹುಡುಕಿದರು. ಕೇಂದ್ರದ ಹಿಂದಿನ ಕೋಣೆಯಲ್ಲಿ ದೊಡ್ಡ ಪರದೆ, ಒಂದು ಕ್ಯಾಮೆರಾ. ರೋಗಿ ಇಲ್ಲಿ ಕೂತರೆ ಅಥೆನ್ಸಿನ ಆಸ್ಪತ್ರೆಯ ದೊಡ್ಡ ಡಾಕ್ಟರು ಅಲ್ಲಿಂದಲೇ ನೋಡಿ ಹೇಳುವುದು. ಪರದೆ, ತಂತಿ, ಕಂಪ್ಯೂಟರು ಎಲ್ಲ ಅವರೇ ಗೊತ್ತು ಮಾಡಿದ್ದರು. ಒಂದನ್ನು ಮಾತ್ರ ನೀವೇ ನೋಡಿ ಆರಿಸಿ ಎಂದು ನಮಗೆ ಬಿಟ್ಟರು.

ಅದನ್ನು ಹೊತ್ತುಕೊಂಡು ಲಾಂಬ್ರೋಸ್ ಎಂಬ ಕಂಪನಿಯವನು ಬೆಳಗಿನ ಹಡಗಿನಲ್ಲಿ ಬಂದಿಳಿದ. ಮೂರು ಪೆಟ್ಟಿಗೆ.

“ಕ್ಯಾಮೆರಾ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಅಕ್ಕ,” ಎಂದ. “ಬೇರೆ ಬೇರೆ ಇರೋದು ಅದನ್ನ ಹೊರೋ ಸ್ಟ್ಯಾಂಡು. ಕಣ್ಣಲ್ಲ, ಕುತ್ತಿಗೆ ಆರಿಸ್ಬೇಕು ನೀವು.”

ಅಂದಿನಿಂದ ಊರಿನಲ್ಲಿ ಅದಕ್ಕೆ ಕುತ್ತಿಗೆ ಎಂದೇ ಹೆಸರು.

ಮೊದಲನೆಯ ಕುತ್ತಿಗೆ ಅಲ್ಲಾಡುವುದೇ ಇಲ್ಲ. ಗೋಡೆಗೆ ತಿರುಪು ಬಿಗಿದರೆ ಮುಗಿಯಿತು. ಅಗಲ ಕಣ್ಣಿನಿಂದ ಬಾಗಿಲಿನಿಂದ ಕಿಟಕಿಯವರೆಗೆ ಇಡೀ ಕೋಣೆ ನೋಡುತ್ತದೆ. ನನಗೆ ಅದೇ ಇಷ್ಟವಾಯಿತು. ಉಪ್ಪುಗಾಳಿ ತಿನ್ನದ ಮೋಟಾರು ಈ ದ್ವೀಪದಲ್ಲಿ ಒಂದೂ ಇಲ್ಲ, ನನ್ನ ಲಸಿಕೆಯ ಫ್ರಿಜ್ಜಿನ ಗೋಳು ನನಗೇ ಗೊತ್ತು. ಎರಡನೆಯದು ಯಾರ ದನಿ ಕೇಳಿದರೆ ಅವರ ಕಡೆಗೆ ತಾನೇ ತಿರುಗುವಂಥದ್ದು. ಪಂಚಾಯಿತಿ ಅಧ್ಯಕ್ಷ ಥ್ರಾಸೋಸ್ ಅದರ ಮುಂದೆ ನಿಂತು “ಆಹಾ” ಎಂದ. ಭಾಷಣ ಮಾಡುವವನಿಗೆ ತನ್ನನ್ನೇ ಹಿಂಬಾಲಿಸುವ ಕ್ಯಾಮೆರಾ ಸಿಕ್ಕರೆ ಇನ್ನೇನು ಬೇಕು? ಮೂರನೆಯದರ ಕೀಲಿ ನಮ್ಮ ಕೈಯಲ್ಲಿ ಇರುವುದಿಲ್ಲ. ಅಥೆನ್ಸಿನಲ್ಲಿ ಕೂತ ಡಾಕ್ಟರು ಅಲ್ಲಿಯ ಕಂಪ್ಯೂಟರಿನಿಂದ ಅದನ್ನು ಎಡಕ್ಕೆ ಬಲಕ್ಕೆ ಹೊರಳಿಸಬಹುದು, ಬಗ್ಗಿಸಬಹುದು, ಕಣ್ಣನ್ನು ಹತ್ತಿರಕ್ಕೆ ಎಳೆದುಕೊಳ್ಳಬಹುದು. ಹಾಸಿಗೆ ಎಲ್ಲಿ, ಕುರ್ಚಿ ಎಲ್ಲಿ ಎಂದು ಒಮ್ಮೆ ತೋರಿಸಿದರೆ ನೆನಪಿಟ್ಟುಕೊಂಡು ಗುಂಡಿ ಒತ್ತಿದಾಗ ಅಲ್ಲಿಗೇ ತಿರುಗುತ್ತದೆ.

ಸಿಡೆರಿಸ್ ದೋಣಿಯವರ ಪರವಾಗಿ ಬಂದು ಮೂಲೆಯಲ್ಲಿ ಕೂತಿದ್ದ. ಅವನಿಗೆ ಮೂರೂ ಬೇಡ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

“ಇದನ್ನ ಒಪ್ಕೊಂಡ್ರೆ ಆಯ್ತು, ಇನ್ಮೇಲೆ ಮನುಷ್ಯ ಡಾಕ್ಟರನ್ನ ಅವರು ಕಳ್ಸಲ್ಲ,” ಎಂದ. “ಅದರಲ್ಲೂ ಆ ಮೂರನೇದು! ಎಲ್ಲೋ ಕೂತವನು ನಮ್ಮ ಮನೆಯೊಳಗೆ ಕತ್ತು ತಿರುಗ್ಸಿ ತಿರುಗ್ಸಿ ನೋಡೋದಾ? ಹಾಕಿ ನೋಡ್ರೋ. ಬಿಚ್ಚಿ ಸಮುದ್ರಕ್ಕೆ ಎಸ್ದು ಬರ್ತೀನಿ.”

“ಎಸೀವಾಗ ಹೇಳು ಮಾರಾಯ, ನಾವೂ ನೋಡೋಕೆ ಬರ್ತೀವಿ,” ಎಂದ ಥ್ರಾಸೋಸ್.

ಪರೀಕ್ಷೆ ಶುರುವಾಯಿತು. ಆ ಕಡೆ ಪರದೆಯಲ್ಲಿ ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬರು, ಕನ್ನಡಕದ, ಸಮಾಧಾನದ ಮನುಷ್ಯ. ಲಾಂಬ್ರೋಸ್ ಅಧ್ಯಕ್ಷರ ಆಸೆಯಂತೆ ಎರಡನೆಯ ಕುತ್ತಿಗೆಯನ್ನು ಮೊದಲು ಕೂರಿಸಿದ. “ಒಬ್ಬರು ರೋಗಿ ಅಂದ್ಕೊಳ್ಳಿ, ಕುರ್ಚೀಲಿ ಕೂತ್ಕೊಳ್ಳಿ” ಎಂದಾಗ ನಾನು ಅಣ್ಣನನ್ನು ಎಳೆದು ಕೂರಿಸಿದೆ. ರೋಗಿಯ ಮುಖ ಅವನಿಗೆ ಹೇಗೂ ಹುಟ್ಟಿನಿಂದ ಇದೆ.

ಥ್ರಾಸೋಸ್ ಹೊಟ್ಟೆ ಒಳಗೆಳೆದುಕೊಂಡು ಮಾತು ಶುರು ಮಾಡಿದ. ಕುತ್ತಿಗೆ ಗುಂಯ್ ಎಂದು ಅವನ ಕಡೆ ತಿರುಗಿತು. ಅವನ ಮುಖ ಅರಳಿತು. ಅಷ್ಟರಲ್ಲಿ ಮಾರಿಗೋ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ಬಂದು, “ಯಾರಿಗೆ ಸಕ್ಕರೆ, ಯಾರಿಗೆ ಇಲ್ಲ?” ಎಂದಳು. ಕುತ್ತಿಗೆ ಅವಳ ಕಡೆಗೆ. “ನಾನು ಮಾತಾಡ್ತಿದ್ದೀನಲ್ಲಮ್ಮ!” ಎಂದ ಥ್ರಾಸೋಸ್. ಅವನ ಕಡೆಗೆ. “ಕಾಫಿ ಆರೋಗತ್ತೆ, ನಿಮ್ಮ ಮಾತು ಆರಲ್ಲ” ಎಂದಳು ಮಾರಿಗೋ. ಅವಳ ಕಡೆಗೆ. ನಾನು ನಕ್ಕೆ, ನನ್ನ ಕಡೆಗೆ. ಹೊರಗೆ ಬ್ರೆಡ್ಡಿನ ವ್ಯಾನು ಹಾರನ್ ಹೊಡೆಯಿತು, ಕಿಟಕಿಯ ಕಡೆಗೆ. ನಮ್ಮಲ್ಲಿ ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುವ ಪದ್ಧತಿ ಇಲ್ಲ. ಆ ಬಡಪಾಯಿ ನೊಣ ಹಿಡಿಯಲು ಹೊರಟ ಬೆಕ್ಕಿನ ಹಾಗೆ ತಲೆ ಆಡಿಸಿ ಆಡಿಸಿ ಸುಸ್ತಾಯಿತು.

“ನಿಲ್ಸಿ, ನಿಲ್ಸಿ, ನನಗೆ ತಲೆ ಸುತ್ತು ಬರ್ತಿದೆ,” ಎಂದರು ಅಧಿಕಾರಿ. “ಅಂದ ಹಾಗೆ, ರೋಗಿ ಎಲ್ಲಿ?”

ರೋಗಿ ಕುರ್ಚಿಯಲ್ಲೇ ಇದ್ದ. ಅವನು ತುಟಿ ಬಿಚ್ಚಿರಲಿಲ್ಲ, ಅದಕ್ಕೇ ಕುತ್ತಿಗೆ ಒಂದು ಸಲವೂ ಅವನ ಕಡೆ ತಿರುಗಿರಲಿಲ್ಲ.

ಲಾಂಬ್ರೋಸ್ ಅದನ್ನು ಬಿಚ್ಚಿ ಮೊದಲನೆಯದನ್ನು ಗೋಡೆಗೆ ಹಿಡಿದ. ಕೋಣೆಯೆಲ್ಲ ಒಂದೇ ನೋಟಕ್ಕೆ ಸಿಕ್ಕಿತು, ಅಧಿಕಾರಿಗೂ ನೆಮ್ಮದಿಯಾಯಿತು, ನನಗೂ ಗೆದ್ದೆನೆಂಬ ಖುಷಿ.

“ಎಲ್ಲರೂ ಕಾಣ್ತಿದ್ದೀರಿ. ಇದನ್ನೇ ಇಡೋಣ. ಬೇಡ ಅನ್ನೋರು ಯಾರಾದರೂ ಇದ್ದಾರಾ?”

ಸಿಡೆರಿಸ್ ಹುಬ್ಬೆತ್ತಿದ.

“ಯಾರೂ ಇಲ್ವಾ? ಕ್ಯಾಪ್ಟನ್, ನಿಮಗೂ ಸರಿ ತಾನೇ?”

ಮತ್ತೆ ಎತ್ತಿದ.

“ಒಳ್ಳೇದು. ಹಾಗಾದ್ರೆ ಎಲ್ಲರ ಒಪ್ಪಿಗೆ ಅಂತ ಬರ್ಕೊಳ್ತೀನಿ.”

ಮೂರನೆಯ ಸಲ ಎತ್ತಿದ ಹುಬ್ಬು ಕೂದಲಿಗೆ ಮುಟ್ಟಿತ್ತು. ಅಧಿಕಾರಿ ತಲೆ ತಗ್ಗಿಸಿ ಬರೆಯತೊಡಗಿದಾಗ ನನ್ನ ಅಣ್ಣ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತ.

“ಏನ್ ಸ್ವಾಮಿ ಒಪ್ಪಿಗೆ? ಯಾರು ಒಪ್ಪಿದ್ದು? ಬೇಡ ಬೇಡ ಅಂತ ಬಡ್ಕೊಳ್ತಾ ಇದ್ದೀನಿ, ಕಿವಿ ಕೇಳಲ್ವಾ ನಿಮಗೆ?”

“ಕ್ಯಾಪ್ಟನ್, ನೀವು ಬಾಯೇ ಬಿಡ್ಲಿಲ್ವಲ್ಲ!”

“ಬಾಯಿ ಯಾಕ್ರೀ ಬಿಡ್ಬೇಕು? ಮೂರು ಸಲ ಹೇಳಿದ್ದೀನಿ. ಇವರೆಲ್ಲ ನೋಡಿದ್ದಾರೆ. ನಿಮ್ಮಮ್ಮನೂ ನಿಮಗೆ ಹಿಂಗೇ ತಾನೇ ಬೇಡ ಅಂದಿರೋದು?”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗಿಸಿದರು. “ಕ್ಷಮಿಸಿ ಕ್ಯಾಪ್ಟನ್, ನಿಜ ಹೇಳ್ಬೇಕಂದ್ರೆ ನಿಮ್ಮ ಮುಖ ಇಲ್ಲಿ ಕಡಲೆಕಾಳಿನಷ್ಟು ಕಾಣ್ತಿದೆ. ಹುಬ್ಬು ಎಲ್ಲಿಂದ ನೋಡ್ಲಿ?”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಕೈಕಾಲು ಗಟ್ಟಿಯಿರುವ, ಸಿಟ್ಟು ಬಂದರೆ ಕೂಗಬಲ್ಲ ಗಂಡಸಿನ ‘ಇಲ್ಲ’ವೇ ಸಮುದ್ರ ದಾಟಲಿಲ್ಲ. ನನ್ನ ಕುರ್ಚಿಯಲ್ಲಿ ಬಂದು ಕೂರುವವರು ಯಾರು? ಕೂಗಲು ತ್ರಾಣವಿಲ್ಲದವರು, ನೋವು ಎಲ್ಲಿ ಎಂದರೆ ಕಣ್ಣು ಮುಚ್ಚಿಕೊಳ್ಳುವವರು. ಅವರ ಪರವಾಗಿ ಮಾತಾಡಲು ಇಡೀ ಬೀದಿ ಒಳಗೆ ನುಗ್ಗುತ್ತದೆ, ಅವರ ಮುಖ ಮಾತ್ರ ಯಾರಿಗೂ ಕಾಣುವುದಿಲ್ಲ. ನನ್ನ ಮೆಚ್ಚಿನ ಕುತ್ತಿಗೆಯ ಮೇಲಿನ ಆಸೆ ಅಲ್ಲಿಗೇ ಬಿಟ್ಟುಹೋಯಿತು.

“ಲಾಂಬ್ರೋಸ್, ಮೂರನೇದನ್ನ ಹಾಕಪ್ಪ,” ಎಂದೆ.

ಹಾಕಿದ. ಅಧಿಕಾರಿ ಅಲ್ಲಿಂದಲೇ ಏನೋ ಒತ್ತಿದರು. ಕುತ್ತಿಗೆ ಸದ್ದಿಲ್ಲದಷ್ಟು ಮೆಲ್ಲಗೆ ಹೊರಳಿತು, ಸ್ವಲ್ಪ ಬಗ್ಗಿತು. ಪರದೆಯ ಮೂಲೆಯಲ್ಲಿ ನಮಗೂ ಕಾಣುವ ಸಣ್ಣ ಚೌಕದಲ್ಲಿ ನನ್ನ ಅಣ್ಣನ ಮುಖ ತುಂಬಿಕೊಂಡಿತು; ಮೂಗಿನ ಮೇಲಿನ ಬಿಸಿಲಿನ ಕಲೆ, ಬಿಳಿಗಡ್ಡ, ಹುಬ್ಬಿನ ಒಂದೊಂದು ಕೂದಲು.

“ಈಗ ಹೇಳಿ ಕ್ಯಾಪ್ಟನ್. ಈ ಮೂರನೇದು ಆಗ್ಬಹುದಾ?”

ಹಣೆಯ ಮೇಲೆ ಗೆರೆಗಳು ಎದ್ದವು.

“ಬೇಡ ಅಂತಿದ್ದೀರಿ,” ಎಂದರು ಅಧಿಕಾರಿ ನಗುತ್ತ. “ಈಗ ಸ್ಪಷ್ಟವಾಗಿ ಕೇಳಿಸ್ತು ನೋಡಿ.”

ಅಲ್ಲಿಗೆ ಆಯ್ಕೆ ಮುಗಿಯಿತು. ಥ್ರಾಸೋಸ್ ಮುಖ ಊದಿಸಿಕೊಂಡಿದ್ದ. ಪಕ್ಕದ ದ್ವೀಪದವರ ಬಳಿ ಇಂಥದ್ದು ಇಲ್ಲ ಎಂದು ಲಾಂಬ್ರೋಸ್ ಹೇಳಿದ ಮೇಲೆ ಸರಿಹೋದ. ಸಿಡೆರಿಸ್ ಮಾತ್ರ ಟೋಪಿ ಹಾಕಿಕೊಂಡು ಹೊರಟ. ತಾನು ಬೇಡ ಎಂದ ಕಾರಣಕ್ಕೇ ಅದು ಬಂದು ಕೂತಿದ್ದು ಅವನಿಗೆ ಅರಗಲಿಲ್ಲ. ಆಮೇಲೆ ಬೇಸಿಗೆಯಿಡೀ ಅವನು ಕೇಂದ್ರದ ಹೊಸ್ತಿಲು ತುಳಿಯಲಿಲ್ಲ.

ಕೋಣೆಗೆ ಜನ ಒಗ್ಗಿಕೊಂಡರು. ಸಕ್ಕರೆ ಕಾಯಿಲೆಯವರು, ಮೂಳೆ ಸವೆದವರು ಬಂದು ಕೂತು ಅಥೆನ್ಸಿನವರ ಹತ್ತಿರ ತಮ್ಮ ಕಾಯಿಲೆಯನ್ನೂ ನೆರೆಯವರ ಕಾಯಿಲೆಯನ್ನೂ ಹೇಳಿಕೊಂಡು ಹೋಗುತ್ತಿದ್ದರು. ನರರೋಗದ ಡಾಕ್ಟರ್ ಮೆಲ್ಪೋ ಎಂಬಾಕೆ ನನಗೆ ಹೆಚ್ಚು ಹತ್ತಿರವಾದಳು. ಬೆಟ್ಟದ ಸೀಮೆಯಿಂದ ಬಂದವಳು, ನನ್ನ ಮಗಳ ವಯಸ್ಸು, ಆದರೆ ಮಾತು ನಮ್ಮಜ್ಜಿಯದು. ಕುತ್ತಿಗೆ ಅವಳ ಕೈಯಲ್ಲಿ ಚೆನ್ನಾಗಿ ಪಳಗಿತ್ತು. ರೋಗಿಯ ಬೆರಳು ನಡುಗಿದರೆ ನಾನು ಹೇಳುವ ಮೊದಲೇ ಅತ್ತ ಬಗ್ಗುತ್ತಿತ್ತು.

ಶರತ್ಕಾಲದ ಗಾಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಮಾರಿಗೋ ತಲೆಬಟ್ಟೆಯಿಲ್ಲದೆ ಓಡಿಬಂದಳು.

“ಎವ್ದೊಕಿಯಾ, ಬೇಗ ಬಾರೇ. ಇವರ ಬಾಯಿ ಸೊಟ್ಟಗಾಗಿದೆ.”

ಓಡಿದೆ. ಸಿಡೆರಿಸ್ ಒಲೆಯ ಪಕ್ಕ ಕೂತಿದ್ದ. ಬಾಯಿಯ ಬಲ ಮೂಲೆ ಕೆಳಗೆ ಇಳಿದುಬಿಟ್ಟಿತ್ತು. ಮಾರಿಗೋ ಆಗಲೇ ಗಾಳಿ ಎಳೆಯಲೆಂದು ಅವನ ಬೆನ್ನಿಗೆ ಗಾಜಿನ ಲೋಟ ಕಾಯಿಸಿ ಅಂಟಿಸಿ ತೆಗೆದಿದ್ದಳು, ದುಂಡನೆಯ ಕೆಂಪು ಗುರುತುಗಳು ಸಾಲಾಗಿದ್ದವು. ಪಕ್ಕದ ಮನೆಯವರೂ ಬಂದು ತೀರ್ಪು ಕೊಟ್ಟಾಗಿತ್ತು.

“ಗಾಳಿ ಹೊಡೆದಿದೆ, ಅಷ್ಟೇ. ಬೆಳಗಿನ ಜಾವದಿಂದ ಬಡಗಣ ಗಾಳೀಲಿ ಚುಕ್ಕಾಣಿ ಹಿಡ್ಕೊಂಡು ನಿಂತ್ರೆ ಇನ್ನೇನಾಗತ್ತೆ?”

ನಮ್ಮಲ್ಲಿ ಎಲ್ಲವೂ ಗಾಳಿಯೇ. ಕತ್ತು ಉಳುಕಿದರೂ ಗಾಳಿ, ಸೊಂಟ ಹಿಡಿದರೂ ಗಾಳಿ, ಸೊಸೆ ಮುಖ ಸಿಂಡರಿಸಿದರೂ ಗಾಳಿ. ಹಾಗೆಂದು ನಗುವ ಹಾಗೂ ಇರಲಿಲ್ಲ. ಬೇಕರಿಯ ಹೆಂಗಸಿಗೆ ಹಿಂದೊಂದು ಚಳಿಗಾಲದಲ್ಲಿ ಹೀಗೇ ಮುಖ ಸೊಟ್ಟಗಾಗಿ, ಮುಖದ ನರ ಬಾತಿದೆ ಎಂದಿದ್ದರು ಡಾಕ್ಟರು, ತಾನಾಗಿಯೇ ವಾಸಿಯಾಗಿತ್ತು. ಆದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಾಗಲೂ ಬಾಯಿ ಹೀಗೇ ಇಳಿಯುತ್ತದೆ. ಮೊದಲನೆಯದಾದರೆ ಅವಸರವಿಲ್ಲ. ಎರಡನೆಯದಾದರೆ ಕಟ್ಟಿದ್ದನ್ನು ಕರಗಿಸುವ ಔಷಧಿ ಅಥೆನ್ಸಿನಲ್ಲಿದೆ, ಅದೂ ಹೊತ್ತು ಮೀರುವ ಮೊದಲು ಕೊಟ್ಟರೆ ಮಾತ್ರ. ಆಮೇಲೆ ಕೊಟ್ಟರೂ ಕೈ ಹೋಗುತ್ತದೆ, ಮಾತು ಹೋಗುತ್ತದೆ, ಮನುಷ್ಯನೇ ಹೋಗುತ್ತಾನೆ. ಆ ಗಾಳಿಯಲ್ಲಿ ಹೆಲಿಕಾಪ್ಟರ್ ಕರೆಸುವುದೆಂದರೆ ಅದರಲ್ಲಿ ಬರುವವರ ಜೀವವನ್ನೂ ಪಣಕ್ಕಿಟ್ಟ ಹಾಗೆ. ಯಾವುದು ಇದು? ನನಗೆ ತಿಳಿಯಲಿಲ್ಲ.

“ಅಣ್ಣ, ಎರಡೂ ಕೈ ಎತ್ತು ನೋಡೋಣ.”

ಅವನು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೂತಿದ್ದ. “ನನ್ನ ಮುಂದೆ ನಿನ್ನ ಡಾಕ್ಟರಿಕೆ ಬೇಡ,” ಎಂದ. ಮಾತು ಸ್ವಲ್ಪ ತೊದಲಿತು. ಬಾಯಿ ಸೊಟ್ಟಗಾದರೆ ಯಾರ ಮಾತಾದರೂ ತೊದಲುತ್ತದೆ. “ಬಿಸಿ ಬಟ್ಟೆ ಇಟ್ಕೊಂಡ್ರೆ ಹೋಗತ್ತೆ.”

“ಕೇಂದ್ರಕ್ಕೆ ಬಾ. ಮೆಲ್ಪೋ ಡಾಕ್ಟರು ಒಂದು ಸಲ ನೋಡ್ಲಿ.”

ಹುಬ್ಬು ಮೇಲಕ್ಕೆ ಹೋಯಿತು. ಅದನ್ನು ನಾನು ನೋಡಿದೆ, ಆದರೆ ನನಗೆ ಕಂಡದ್ದು ಹಠ ಮಾತ್ರ. ಹುಟ್ಟಿದಾಗಿನಿಂದ ನೋಡಿದ್ದನ್ನು ಮತ್ತೆ ಯಾರು ನೋಡುತ್ತಾರೆ?

ಎಳೆದುಕೊಂಡು ಹೋಗುವ ಆಳು ಅವನಲ್ಲ. ಅಳುವೇ ಬರುತ್ತಿತ್ತು, ಅದರ ನಡುವೆ ದೇವರೇ ಹೇಳಿಕೊಟ್ಟ ಹಾಗೆ ಒಂದು ಸುಳ್ಳು ಹೊಳೆಯಿತು.

“ಹೋಗ್ಲಿ ಬಿಡು. ಹೇಗೂ ನೋಡೋಕಾಗಲ್ಲ. ಆ ಮೂರನೇ ಕುತ್ತಿಗೆ ಕೆಟ್ಟು ಕೂತಿದೆ.”

ಅವನ ಕಣ್ಣಿನಲ್ಲಿ ಬೆಳಕು ಬಂತು. “ಮೋಟಾರಾ?”

“ಉಪ್ಪು ತಿಂದಿರ್ಬೇಕು. ನೀನು ಅವತ್ತು ಬೇಡ ಬೇಡ ಅಂದೆ, ನಾವು ಕೇಳ್ಲಿಲ್ಲ. ಥ್ರಾಸೋಸ್ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾನೆ.”

ಸಿಡೆರಿಸ್ ಎದ್ದ. ಟೋಪಿ ಕೇಳಿದ. ಅಧ್ಯಕ್ಷ ತಲೆಯ ಮೇಲೆ ಕೈ ಹೊತ್ತು ಕೂತಿರುವುದನ್ನು ನೋಡಲು ಅವನು ಸತ್ತಿದ್ದರೂ ಎದ್ದು ಬರುತ್ತಿದ್ದ. ದಾರಿಯುದ್ದಕ್ಕೂ ಎಡಗೈಯಿಂದ ಗೋಡೆ ಹಿಡಿದುಕೊಂಡು ನಡೆದ. ಗಾಳಿ ಜೋರಾಗಿದೆ, ಅದಕ್ಕೆ ಎಂದುಕೊಂಡೆ.

ಕೋಣೆಯಲ್ಲಿ ಥ್ರಾಸೋಸ್ ಇರಲಿಲ್ಲ. ನಾನು ಆಸ್ಪತ್ರೆಯ ತುರ್ತು ಗುಂಡಿ ಒತ್ತಿದೆ. ಅಣ್ಣ ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ನೋಡುತ್ತಿದ್ದ ಹಾಗೆ ಪರದೆ ಬೆಳಗಿತು, ಕುತ್ತಿಗೆ ಮೆಲ್ಲಗೆ ಅವನ ಕಡೆ ತಿರುಗಿತು.

“ಕೆಟ್ಟಿದೆ ಅಂದ್ಯಲ್ಲೇ, ಮೋಸಗಾತಿ!”

“ಈಗ ತಾನೇ ಸರಿಹೋಯ್ತು ಕಣೋ,” ಎಂದು ಅವನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದೆ.

ಪರದೆಯಲ್ಲಿ ಮೆಲ್ಪೋ. ನಾನು ವಿಷಯ ಹೇಳುವಷ್ಟರಲ್ಲಿ ಬಾಗಿಲಲ್ಲಿ ಅರ್ಧ ಬೀದಿ ಸೇರಿತ್ತು. ಮಾರಿಗೋ ಗಂಡ ನಿನ್ನೆ ಏನು ತಿಂದ, ಯಾವ ಅಂಗಿ ತೊಟ್ಟ, ಎಷ್ಟು ಸಲ ಸೀನಿದ ಎಂಬುದರಿಂದ ಶುರು ಮಾಡಿದಳು. ಪಕ್ಕದ ಮನೆಯವರು ಗಾಳಿ ಗಾಳಿ ಎಂದು ಕೂಗಿದರು. ಅವತ್ತು ಎರಡನೆಯ ಕುತ್ತಿಗೆ ಆರಿಸಿದ್ದರೆ ಅದು ಇವರೆಲ್ಲರನ್ನೂ ನೋಡುತ್ತಿತ್ತು. ಇದು ಯಾರ ಕಡೆಗೂ ತಿರುಗಲಿಲ್ಲ, ನನ್ನ ಅಣ್ಣನ ಮುಖ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

“ಕ್ಯಾಪ್ಟನ್, ಸ್ವಲ್ಪ ನಗಿ ನೋಡೋಣ,” ಎಂದಳು ಮೆಲ್ಪೋ.

“ಗುರುತು ಪರಿಚಯ ಇಲ್ದೋರ ಹತ್ರ ನಾನು ನಗಲ್ಲ.”

“ಹಾಗಾದ್ರೆ ಹಲ್ಲು ತೋರ್ಸಿ.”

“ನಾನೇನು ಸಂತೆಗೆ ಬಂದ ಕತ್ತೇನಾ?”

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೆಲ್ಪೋ ಮಾತ್ರ ಕುರ್ಚಿಗೆ ಒರಗಿ ಒಂದು ಕ್ಷಣ ಅವನನ್ನೇ ನೋಡಿದಳು.

“ಆಯ್ತು, ಏನೂ ಮಾಡ್ಬೇಡಿ. ಒಂದೇ ಒಂದು ಮಾತು ಹೇಳಿ ಸಾಕು. ಅಥೆನ್ಸ್‌ಗೆ ಬರ್ತೀರಾ?”

ಹುಬ್ಬು ಎದ್ದಿತು.

ಕುತ್ತಿಗೆ ಕೂದಲೆಳೆಯಷ್ಟು ಬಗ್ಗಿತು. ಸಣ್ಣ ಚೌಕದಲ್ಲಿ ಅವನ ಹಣೆ ಹತ್ತಿರ ಹತ್ತಿರ ಬಂತು.

“ಬರಲ್ವಾ? ನಾಳೆಗೇ ವಾಪಸ್ ಕಳಿಸಿದ್ರೂ?”

ಎದ್ದಿತು.

“ನಾನೇ ಬಂದು ಕರೆದ್ರೂ?”

ಎದ್ದಿತು. ಈ ಸಲ ನಾನು ಅಣ್ಣನನ್ನು ನೋಡದೆ ಚೌಕವನ್ನು ನೋಡಿದೆ. ಗೆರೆಗಳು ಹಣೆಯ ಒಂದು ಅಂಚಿನಿಂದ ಇನ್ನೊಂದರವರೆಗೆ, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ಉತ್ತ ಹೊಲದ ಸಾಲಿನಂತೆ ನೇರವಾಗಿ ಎದ್ದು ನಿಂತಿದ್ದವು. ಅವುಗಳ ಕೆಳಗೆ ಬಾಯಿ ಸೊಟ್ಟಗೆ ಜೋತಿತ್ತು.

ಮೆಲ್ಪೋ ದನಿ ಬದಲಾಯಿತು. “ಎವ್ದೊಕಿಯಕ್ಕ, ಹೆಲಿಕಾಪ್ಟರ್‌ಗೆ ಹೇಳ್ತಿದ್ದೀನಿ. ಇದು ಗಾಳಿ ಅಲ್ಲ.”

ಬಾಗಿಲಲ್ಲಿದ್ದವರು ಇನ್ನೂ ಗಾಳಿ ಎನ್ನುತ್ತಲೇ ಇದ್ದರು. ಅವಳು ಅವರಿಗೆ ಹೇಳಲಿಲ್ಲ, ಅವನಿಗೆ ಹೇಳಿದಳು.

“ಕ್ಯಾಪ್ಟನ್, ದೋಣಿಯವರು ನೀವು, ಕೇಳಿ. ಬಾಯಿಯ ಒಂದೊಂದು ಕಡೆಗೆ ಮಿದುಳಿನಿಂದ ಒಂದೊಂದೇ ಹಗ್ಗ. ಹಣೆಗೆ ಹಾಗಲ್ಲ, ಎರಡೂ ದಡದಿಂದ ಕಟ್ಟಿರತ್ತೆ. ಮುಖದ ನರವೇ ಬಾತಿದ್ರೆ ಬಾಯಿ ಜೊತೆ ಬಲಗಡೆ ಹಣೇನೂ ಬಿದ್ದುಹೋಗ್ತಿತ್ತು, ಹುಬ್ಬು ಒಂದೇ ಕಡೆ ಏಳ್ತಿತ್ತು. ನಿಮ್ಮದು ಎರಡೂ ಕಡೆ ಎದ್ದಿದೆ. ಅಂದ್ರೆ ಹಗ್ಗ ಹರಿದಿರೋದು ಮೇಲೆ, ಮಿದುಳಿನೊಳಗೆ. ಈಗಲೇ ಬಂದ್ರೆ ಕಟ್ಟಬಹುದು. ಸಂಜೆಗೆ ಆಗಲ್ಲ.”

ಕುತ್ತಿಗೆ ಮೆಲ್ಲಗೆ ಕೆಳಕ್ಕೆ ಬಾಗಿ ಅವನ ಜೇಬಿನ ಮೇಲೆ ನಿಂತಿತು.

“ಬಲಗೈ ಹೊರಗೆ ತೆಗೀರಿ ಕ್ಯಾಪ್ಟನ್.”

ಅವನು ಎಡಗೈಯನ್ನು ಅಡ್ಡ ತಂದು ಬಲಗೈಯ ಮಣಿಕಟ್ಟು ಹಿಡಿದು, ಜೇಬಿನಿಂದ ಎಳೆದು ತೊಡೆಯ ಮೇಲೆ ಇಟ್ಟುಕೊಂಡ. ಅದು ಬೇರೆ ಯಾರೋ ಮರೆತು ಹೋದ ವಸ್ತುವಿನ ಹಾಗೆ ಅಲ್ಲಿ ಬಿದ್ದಿತ್ತು. ಬೀದಿಯೆಲ್ಲ ಬಾಯಿ ಮುಚ್ಚಿತು. ನಮ್ಮೂರಿನಲ್ಲಿ ಅಷ್ಟು ಮೌನವನ್ನು ನಾನು ಶುಭ ಶುಕ್ರವಾರದ ದಿನವೂ ಕೇಳಿರಲಿಲ್ಲ.

“ಚುಕ್ಕಾಣಿ ಜಾರ್ತು,” ಎಂದ ಸಿಡೆರಿಸ್, ಕೈಯನ್ನೇ ನೋಡುತ್ತ. “ಒದ್ದೆ ಇತ್ತು ಅಂದ್ಕೊಂಡೆ.”

“ಬರ್ತೀರಾ?” ಎಂದಳು ಮೆಲ್ಪೋ.

ನಾನೂ ಅತ್ತಿಗೆಯೂ ಅವನ ಹಣೆಯನ್ನೇ ನೋಡುತ್ತ ನಿಂತೆವು. ಹಣೆ ಅಲುಗಲಿಲ್ಲ. ಕಣ್ಣು ಮುಚ್ಚಿ ತಲೆಯನ್ನು ಒಂದು ಪಕ್ಕಕ್ಕೆ ಒಮ್ಮೆ ತಗ್ಗಿಸಿದ. ನಮ್ಮಲ್ಲಿ ಅದು ಹೌದು. ಅವನಿಂದ ಅದನ್ನು ನಾನು ಕಂಡದ್ದು ಬಲು ಕಡಿಮೆ.

ಹೆಲಿಕಾಪ್ಟರು ಫುಟ್‌ಬಾಲ್ ಮೈದಾನದಲ್ಲಿ ಇಳಿಯಿತು. ಆ ಗಾಳಿಯಲ್ಲಿ ಅದನ್ನು ಇಳಿಸಿದ ಹುಡುಗರ ಮುಖ ನಾನು ನೋಡಲಿಲ್ಲ, ಹೆಸರು ತಿಳಿಯದು. ಅವರನ್ನು ಹೆತ್ತವರು ಚೆನ್ನಾಗಿರಲಿ. ಅಧ್ಯಕ್ಷ ಥ್ರಾಸೋಸ್ ಕೋಟು ಬಿಚ್ಚಿ ಬೀಸುತ್ತ ಮೈದಾನದ ತುಂಬ ಓಡಿ ಮೇಕೆಗಳನ್ನು ಅಟ್ಟಿದ. ಭಾಷಣವಿಲ್ಲದೆ ಅವನು ಮಾಡಿದ ಆ ಕೆಲಸವನ್ನು ನಾನು ಮರೆತಿಲ್ಲ, ಕಳೆದ ಚುನಾವಣೆಯಲ್ಲಿ ಅವನಿಗೇ ಓಟು ಹಾಕಿದೆ.

ಹೊತ್ತು ಮೀರುವ ಮುಂಚೆ ಅಥೆನ್ಸ್ ಮುಟ್ಟಿದರು. ಔಷಧಿ ಕೊಟ್ಟರು. ಕಟ್ಟಿಕೊಂಡಿದ್ದು ಕರಗಿತು. ಆ ರಾತ್ರಿ ಮಾರಿಗೋಗೆ ಫೋನಿನಲ್ಲಿ ಅವನು ಆಡಿದ ಮೊದಲ ಮಾತು, “ಬಲೆ ಒಳಗೆ ಎಳೆದಿಟ್ರಾ?” ಎಂದು. ಅವಳು ಅಳುತ್ತಲೇ ಅವನನ್ನು ಚೆನ್ನಾಗಿ ಬೈದಳು.

ಕ್ರಿಸ್‌ಮಸ್ ಹತ್ತಿರವಾದಾಗ ಅವನು ಹಡಗಿನಿಂದ ಇಳಿದ. ಬಾಯಿ ನೆಟ್ಟಗಾಗಿತ್ತು. ಬಲಗೈ ಲೋಟ ಹಿಡಿಯುತ್ತಿತ್ತು, ಬಲೆ ಹೊಲಿಯುವಾಗ ಮಾತ್ರ ನಿಧಾನ. ಮಾರಿಗೋ ಹರಕೆ ಹೊತ್ತಿದ್ದಳು. ಚರ್ಚಿನಲ್ಲಿ ದೇವಮಾತೆಯ ಪಟಕ್ಕೆ ತೂಗುಹಾಕುವ ಹರಕೆಯ ಬೆಳ್ಳಿ ತಗಡು ತರಲು ಪಕ್ಕದ ದ್ವೀಪದ ಅಂಗಡಿಗೆ ಹೋದಳು. ಕೈ, ಕಾಲು, ಹೃದಯ, ಕೂಸು ಎಲ್ಲದರ ತಗಡೂ ಇತ್ತಂತೆ. “ಹುಬ್ಬು ಕೊಡಿ” ಎಂದರೆ ಅಂಗಡಿಯವನು ಇವಳ ಮುಖ ನೋಡಿದನಂತೆ. ಕೊನೆಗೆ ಕಣ್ಣಿನ ತಗಡಿನಲ್ಲಿ ಮೇಲೆ ಹುಬ್ಬೂ ಕೊರೆದಿದ್ದದ್ದು ಕಂಡು ಅದನ್ನೇ ತಂದಳು. ಈಗಲೂ ದೇವಮಾತೆಯ ಪಟದ ಎಡಕ್ಕೆ ತೂಗುತ್ತಿದೆ.

ಸಿಡೆರಿಸ್ ಬಂದ ವಾರವೇ ಒಂದು ಮಧ್ಯಾಹ್ನ ಕೇಂದ್ರಕ್ಕೆ ಬಂದು, ನನ್ನನ್ನು ಮಾತಾಡಿಸದೆ ಹಿಂದಿನ ಕೋಣೆಗೆ ಹೋದ. ಹೋಗಿ ನೋಡಿದರೆ ಸ್ಟೂಲಿನ ಮೇಲೆ ನಿಂತು, ಒದ್ದೆ ಬಟ್ಟೆಯಿಂದ ಕುತ್ತಿಗೆಯ ಸಂದಿಯಲ್ಲಿ ಕೂತ ಉಪ್ಪನ್ನು ಒರೆಸುತ್ತಿದ್ದ. ಬಲಗೈಯಿಂದ. ಆಮೇಲೆ ಜೇಬಿನಿಂದ ಹಾಯಿಬಟ್ಟೆಯ ಒಂದು ಚೀಲ ತೆಗೆದ. ಹೊಲಿಗೆ ಅಂಕುಡೊಂಕು, ಅದೂ ಬಲಗೈಯದೇ. ಕುತ್ತಿಗೆಗೆ ತೊಡಿಸಿ ದಾರ ಬಿಗಿದ.

“ಕೆಲ್ಸ ಇಲ್ದಾಗ ಮುಚ್ಚಿಡು. ದೋಣಿ ಎಂಜಿನ್ನನ್ನ ಯಾರಾದ್ರೂ ಹಂಗೇ ಬಿಡ್ತಾರಾ? ಬುದ್ಧಿ ಬೇಡ್ವಾ ನಿನಗೆ?”

ಅಂದಿನಿಂದ ವಾರಕ್ಕೊಮ್ಮೆ ತಪ್ಪದೆ ಬರುತ್ತಾನೆ. ಒರೆಸುತ್ತಾನೆ, ಎಣ್ಣೆ ಹಾಕುತ್ತಾನೆ, ಮನುಷ್ಯ ಡಾಕ್ಟರನ್ನು ಯಾಕೆ ಕಳಿಸುವುದಿಲ್ಲ ಎಂದು ಆ ಕುರ್ಚಿಯಲ್ಲೇ ಕೂತು ಜಿಲ್ಲಾ ಕಚೇರಿಯ ಅಧಿಕಾರಿಯನ್ನು ಬೈಯುತ್ತಾನೆ. ಅದರಲ್ಲಿ ಅವನು ಹೇಳುವುದೇ ಸರಿ, ನಾನೂ ದನಿ ಸೇರಿಸುತ್ತೇನೆ.

ಹೋದ ತಿಂಗಳು ಅವನು ಹಾಗೆ ಒರೆಸುತ್ತಿದ್ದಾಗ ಪರದೆ ಬೆಳಗಿತು. ಬೇರೆ ರೋಗಿಯ ಸಲುವಾಗಿ ಮೆಲ್ಪೋ ಬಂದಿದ್ದಳು. ಅವನು ಬಟ್ಟೆ ಹಿಡಿದುಕೊಂಡು ಕೆಳಗಿಳಿದು, ಕಳ್ಳತನ ಮಾಡುವಾಗ ಸಿಕ್ಕಿಬಿದ್ದವನ ಹಾಗೆ ಕುರ್ಚಿಯಲ್ಲಿ ಕೂತ.

“ಕ್ಯಾಪ್ಟನ್!” ಎಂದಳು ಮೆಲ್ಪೋ. “ಎವ್ದೊಕಿಯಕ್ಕ ಒಂದು ಕತೆ ಹೇಳಿದ್ರು. ಈ ಕ್ಯಾಮೆರಾನ ಬಿಚ್ಚಿ ಸಮುದ್ರಕ್ಕೆ ಎಸೀತೀನಿ ಅಂದಿದ್ರಂತೆ. ಈಗಲೂ ಎಸೀತೀರಾ?”

ಸಿಡೆರಿಸ್ ನನ್ನ ಕಡೆ ಒಮ್ಮೆ ಕೆಂಗಣ್ಣು ಬಿಟ್ಟ. ಆಮೇಲೆ ಪರದೆಯ ಕಡೆ ತಿರುಗಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎರಡೂ ಹುಬ್ಬನ್ನು ನಿಧಾನವಾಗಿ ಮೇಲಕ್ಕೆತ್ತಿದ.

ಕುತ್ತಿಗೆ ಬಾಗಿತು. ಆ ‘ಇಲ್ಲ’ವನ್ನು ಪೂರ್ತಿ ನೋಡುವವರೆಗೆ ಅವಳು ಅದನ್ನು ಅಲ್ಲಿಂದ ತಿರುಗಿಸಲಿಲ್ಲ.